ಮಾತಾಡದ ತಮ್ಮನ ಗೆಳೆಯ

ವಿಶಾಖಪಟ್ಟಣಕ್ಕೆ ಬಂದದ್ದು ತಮ್ಮನ ಟ್ರಂಕನ್ನು ಒಯ್ಯಲು. ನೌಕಾಪಡೆಯಲ್ಲಿದ್ದ ಅವನು ಕಳೆದ ತಿಂಗಳು ಜ್ವರದಿಂದ ತೀರಿಕೊಂಡ. ಅವನ ಜೊತೆಗಾರ, ಗದಗಿನ ಕಡೆಯ ಬಸವರಾಜ, ಟ್ರಂಕನ್ನು ತಾನೇ ಹೊತ್ತು ತಂದ. ರೈಲಿಗೆ ಇನ್ನೂ ಹೊತ್ತಿತ್ತು. ದ್ವಾರಕಾ ನಗರದ ಹೋಟೆಲಿನಲ್ಲಿ ಕೂರಿಸಿ ನನಗೆ ಅಲ್ಲಿಯ ಹೆಸರುಕಾಳಿನ ದೋಸೆ, ಪೆಸರಟ್ಟು, ತರಲು ಹೇಳಿದ.

“ರಜೆಗೆ ಬಂದರೆ ನಾಲ್ಕು ಮಾತೂ ಆಡುತ್ತಿರಲಿಲ್ಲ,” ಅಂದೆ. “ನೌಕರಿಯ ಸೊಕ್ಕು ಅಂತ ಅವನ ಮುಖದ ಮೇಲೇ ಅಂದುಬಿಟ್ಟೆ. ಅದೇ ಕೊನೆಯ ಭೇಟಿ.”

ಬಸವರಾಜ ನಕ್ಕೇಬಿಟ್ಟ. “ಸೊಕ್ಕಾ? ಅವಗಾ? ಅಕ್ಕಾರ, ನಮ್ಮ ಮೆಸ್ಸಿನಾಗ ಜಗಳಾದ್ರ ಇಬ್ಬರೂ ಅವನ ಹಂತ್ಯಾಕ ಹೋಗ್ತಿದ್ವಿ. ಅಂವ ಏನೂ ಅಂತಿದ್ದಿಲ್ಲ, ಸುಮ್ನ ಕೇಳ್ತಿದ್ದ. ಹೇಳಿ ಮುಗಿಸೂದ್ರಾಗ ಸಿಟ್ಟು ಇಳಿದಿರ್ತಿತ್ತು. ತೆಲುಗಿನವ್ರೂ ಬರ್ತಿದ್ರು, ಅವಗ ಅರ್ಧ ತಿಳೀತಿದ್ದಿಲ್ಲ!”

ಅದೇ ಮೌನ. ಮನೆಯಲ್ಲಿ ಎಲ್ಲರ ಪರವಾಗಿ ಮಾತಾಡಿ ರೂಢಿಯಾದ ನನಗೆ ಅದು ಸೊಕ್ಕಾಗಿ ಕಂಡಿತ್ತು. ಇಲ್ಲಿ ಇಷ್ಟು ಜನ ಅದರ ನೆರಳಿಗೆ ಬಂದು ಕೂತಿದ್ದರು.

ಆಮೇಲೆ ಬಸವರಾಜ ತಟ್ಟೆ ನೋಡುತ್ತ ತನ್ನದನ್ನು ಹೇಳತೊಡಗಿದ. ಹೆರಿಗೆಗೆ ತವರಿಗೆ ಹೋದ ಹೆಂಡತಿ, ಭಾಷೆ ಬಾರದ ಈ ಊರು ಬೇಡವೆಂದು ತಿರುಗಿ ಬರುತ್ತಿಲ್ಲವಂತೆ. ನಾಲ್ಕು ಬುದ್ಧಿಮಾತು ನನ್ನ ನಾಲಿಗೆಯ ತುದಿಗೇ ಬಂದವು. ಪೆಸರಟ್ಟಿನ ತುಂಡನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ಕೇಳಿದೆ.

ಅರ್ಧ ಗಂಟೆಯಾದ ಮೇಲೆ ಅವನು ಮುಖ ಒರೆಸಿಕೊಂಡು ಎದ್ದು, ಟ್ರಂಕಿಗೆ ಕೈ ಹಾಕಿದ.

“ಖರೇನ ಅವನ ಅಕ್ಕನ ಹೌದ್ರಿ ನೀವು,” ಅಂದ.