ಅವನ ಕೈಗೆ ಕೋವಿ ಕೊಟ್ಟವಳು ನಾನು

ಪ್ರೇಮ್ ನಮ್ಮ ಮನೆಯ ಕೋವಿಯನ್ನು ಕೇಳದೆ ತೆಗೆದುಕೊಂಡ ಎಂದು ನಾನು ಪೊಲೀಸರಿಗೆ ಹೇಳಿದ್ದು ಸುಳ್ಳು. ನಾನೇ ಕೊಟ್ಟಿದ್ದೆ — ಅವನು ಬೇಡವೆಂದರೂ ಬಿಡದೆ.

ಪ್ರೇಮ್ ನೇಪಾಳದವನು. ಕೊಡಗಿನ ಕಕ್ಕಬೆಯ ನಮ್ಮ ಹೋಂಸ್ಟೇಯಲ್ಲಿ ಎರಡು ವರ್ಷ ಅಡುಗೆ ಮಾಡಿದ. ಅವನು ಮಾಡಿದ ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ತಿಂದವರು ನನ್ನ ಕೈರುಚಿಯೆಂದುಕೊಂಡು ನನ್ನನ್ನು ಹೊಗಳುತ್ತಿದ್ದರು. ನಾನೂ ನಾಚಿಕೆಯಿಲ್ಲದೆ ಹೊಗಳಿಸಿಕೊಳ್ಳುತ್ತಿದ್ದೆ. ವಿದೇಶಿ ಅತಿಥಿಗಳು ಬಂದರೆ ಪಾಸ್‌ಪೋರ್ಟ್, ವೀಸಾ ನೋಡಿ ಪೊಲೀಸರಿಗೆ ವಿವರ ಕಳಿಸುತ್ತೇವೆ. ನೇಪಾಳದವರು ಇಲ್ಲಿಗೆ ಬರಲು ವೀಸಾ ಬೇಡ. ಹಾಗಾಗಿ ಅವನು ಹೊರದೇಶದವನೆಂಬುದೇ ನನಗೆ ಮರೆತುಹೋಗಿತ್ತು.

ನಮಗೂ ಒಂದು ವಿನಾಯಿತಿ ಇದೆ. ಕೊಡವರ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಆದರೆ ಬೇರೆಯವರ ಕೈಗೆ ಕೊಡುವಂತಿಲ್ಲ. ಗೊತ್ತಿದ್ದೂ, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ, ಮಾವನ ಕಾಲದ ಕೋವಿಯನ್ನು ಅವನ ಕೈಗಿಟ್ಟೆ. ಅಡುಗೆಯವನ ಗುರಿ ನೋಡೋಣ ಎಂಬ ತಮಾಷೆ, ಅಷ್ಟೇ. ಒಂದೇ ಗುಂಡಿಗೆ ಕಾಯಿ ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನಗಲಿಲ್ಲ, ಕೋವಿ ಹಿಂದಿರುಗಿಸಿ ಮನೆ ಕಡೆ ನಡೆದ.

ಮರುದಿನ ಈರುಳ್ಳಿ ಹೆಚ್ಚುತ್ತಾ ತಾನಾಗಿಯೇ ಹೇಳಿದ. ಅಡುಗೆ ಕೆಲಸವೆಂದು ಏಜೆಂಟನೊಬ್ಬ ದೂರದ ದೇಶಕ್ಕೆ ಕಳಿಸಿದ್ದ. ಅಲ್ಲಿ ಸಮವಸ್ತ್ರ ತೊಡಿಸಿ ಯುದ್ಧಕ್ಕೆ ನೂಕಿದರು. ಏಳು ತಿಂಗಳ ನಂತರ ತಪ್ಪಿಸಿಕೊಂಡು ಬಂದ. ಯಾರಿಗೂ ಹೇಳಬೇಡಿ ಎಂದ. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅವನು ಗುಂಡು ಹೊಡೆದದ್ದನ್ನಷ್ಟೇ ಅತಿಥಿಯೊಬ್ಬರು ತೆಗೆದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು, ಸಬ್ ಇನ್‌ಸ್ಪೆಕ್ಟರ್ ಮನೆಗೆ ಬಂದರು. ವೀಸಾ ಇಲ್ಲದೆ ಬರುವವರ ನಡುವೆ ಬೇರೆ ದೇಶಗಳ ಯುದ್ಧಗಳಲ್ಲಿ ಕಾದಾಡಿದವರು ಸೇರಿಕೊಂಡಾರು ಎಂದು ಮೇಲಿನಿಂದ ಎಚ್ಚರಿಕೆ ಬಂದಿದೆಯೆಂದು ವಿವರಿಸಿದರು. ಅವರದು ತಪ್ಪಲ್ಲ, ವಿಚಾರಿಸುವುದು ಅವರ ಕೆಲಸ. ಆಮೇಲೆ ಕೇಳಿದರು: "ಕೋವಿ ಅವನ ಕೈಗೆ ಹೆಂಗ್ ಬಂತು ಮೇಡಂ?"

ವಿನಾಯಿತಿ ಪತ್ರ ಹೋದರೆ ಊರಲ್ಲಿ ತಲೆ ಎತ್ತುವುದು ಹೇಗೆ — ಆ ಕ್ಷಣಕ್ಕೆ ತಲೆಯಲ್ಲಿದ್ದುದು ಅದೊಂದೇ.

"ನಾನ್ ಕೊಟ್ಟಿಲ್ಲ ಸಾರ್. ಕೇಳ್ದೇನೇ ತಗೊಂಡ. ಎಲ್ಲೋ ಯುದ್ಧ ಮಾಡಿ ಬಂದವ್ನಂತೆ."

ಸುಳ್ಳನ್ನೂ ಹೇಳಿದೆ, ಗುಟ್ಟನ್ನೂ ಒಪ್ಪಿಸಿದೆ. ಮೂರು ತಲೆಮಾರು ಸೈನ್ಯದಲ್ಲಿದ್ದ ಮನೆ ನಮ್ಮದು; ಯುದ್ಧ ಕಂಡು ಬಂದವರಿಗೆ ಇಲ್ಲಿ ಮೊದಲ ಮರ್ಯಾದೆ. ಅದನ್ನೇ ಅವನ ಮೇಲಿನ ದೂರು ಮಾಡಿದೆ. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರೇಮ್ ಎಲ್ಲವನ್ನೂ ಕೇಳಿಸಿಕೊಂಡ. ಊರವರು ನನ್ನನ್ನು ಬಿಟ್ಟುಕೊಡುವವರಲ್ಲ; ಅವನು ಒಂದು ಮಾತಾಡಿದ್ದರೆ ಮಾತ್ರ ನಾನು ಸಿಕ್ಕಿಬೀಳುತ್ತಿದ್ದೆ. ಅವನು ಕಾಫಿಯನ್ನು ಅವರ ಮುಂದಿಟ್ಟು ಒಳಗೆ ಹೋದ.

ವಾರಗಟ್ಟಲೆ ವಿಚಾರಣೆ ನಡೆಸಿ ಗಡಿ ದಾಟಿಸಿದರು. ಅವನ ಹೆಸರು ಪಟ್ಟಿಗೆ ಸೇರಿತು, ಇನ್ನು ಬರುವಂತಿಲ್ಲ. ಇಲ್ಲಿಯ ಸಂಬಳದಲ್ಲಿ ಅವನ ಮಗಳು ಶಾಲೆಗೆ ಹೋಗುತ್ತಿದ್ದಳು — ಈಗ ಹೋಗುತ್ತಾಳೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಅವನೇ ಒಮ್ಮೆ ಫೋನ್ ಮಾಡಿದ್ದ.

"ದೀದಿ, ನಿಮ್ಗೆ ಏನೂ ತೊಂದ್ರೆ ಆಗಿಲ್ಲ ಅಲ್ವಾ?"

ಇಲ್ಲ ಎಂದೆ. ಸಿಗ್ನಲ್ ಇಲ್ಲವೆಂದು ಮತ್ತೊಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ಇದಾಗಿ ಎರಡು ವರ್ಷ. ಕಳೆದ ವಾರ ಠಾಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ, ಕೋವಿಯನ್ನೂ ಪತ್ರವನ್ನೂ ಒಪ್ಪಿಸಿದೆ. ಅವನ ಹೆಸರು ಪಟ್ಟಿಯಿಂದ ಹೋಗುತ್ತದೆಂದು ಯಾರೂ ಹೇಳಲಿಲ್ಲ. ಅವನಿಗೆ ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ ಅವನು ಕ್ಷಮಿಸಿಬಿಡುತ್ತಾನೆ, ನನಗೆ ಗೊತ್ತು.