ಅಗಲ ತಳದ ರಂದಾ

ನಿಜಾಮರ ಕಾಲದಲ್ಲಿ ದೇವಣಿಯ ಬಡಗಿ ಮೌನಪ್ಪ ಉದಗೀರದ ಸಾಹುಕಾರನೊಬ್ಬನ ವಾಡೆಗೆ ಸಾಗವಾನಿ ಬಾಗಿಲು ಮಾಡಲು ಒಪ್ಪಿಕೊಂಡಿದ್ದ. ಅಷ್ಟರಲ್ಲಿ ಅವನ ಕೈ ನಡುಗತೊಡಗಿತು. ಹಲಗೆಯಲ್ಲಿ ತೋಡು ಕೊರೆಯುವ ರಂದಾ ಎಂಬ ಸಣ್ಣ ಉಜ್ಜುಗೊರಡು ಅತ್ತಿತ್ತ ವಾಲಿ, ಅದರ ಅಲಗು ಎಲ್ಲೆಂದರಲ್ಲಿ ಆಳಕ್ಕಿಳಿಯುತ್ತಿತ್ತು. ಒಳ್ಳೆಯ ಹಲಗೆಯೊಂದು ಕೆಟ್ಟ ಮೇಲೆ ಅವನು ರಂದಾ ಕೆಳಗಿಟ್ಟ.

“ಇನ್ನ ನನ್ನ ಕೈಲೆ ಆಗಂಗಿಲ್ಲ. ಬ್ಯಾರೆಯವರು ಮಾಡ್ಲಿ,” ಎಂದ.

ಮಗಳು ಚಂದ್ರಭಾಗಾ ಚಿಕ್ಕಂದಿನಿಂದ ಅವನ ಜೊತೆ ಗರಗಸ ಎಳೆದವಳು. ರಂದಾ ತಿರುಗಿಸಿ ನೋಡಿದಳು. “ಅಪ್ಪಾ, ಇದರ ತಳ ನಾಕ ಬೆರಳ ಸುದ್ದಾ ಇಲ್ಲ. ನಿಲ್ಲು ಅಂದ್ರ ಹ್ಯಾಂಗ ನಿಲ್ತದ?”

ಅವಳು ಜಾಲಿ ಮರದ ತುಂಡೊಂದನ್ನು ನುಣ್ಣಗೆ ಮಾಡಿ, ನಡುವೆ ಅಲಗಿಗೆ ಕಿಂಡಿ ಬಿಟ್ಟು, ರಂದಾದ ಅಡಿಗೆ ಗಟ್ಟಿಯಾಗಿ ಕೂಡಿಸಿದಳು. ತಳ ಗೇಣಗಲವಾಯಿತು. ಈಗ ಅದು ತೋಡಿನ ಎರಡೂ ಬದಿಗೆ ಭದ್ರವಾಗಿ ಕೂತು, ಮೌನಪ್ಪ ಎರಡೂ ಕೈ ಊರಿ ತಳ್ಳಿದಾಗ ವಾಲದೆ ಸರಿಯಿತು.

ಆಳುಗಳೊಡನೆ ಬಾಗಿಲು ನೋಡಲು ಬಂದ ವಾಡೆಯ ಯಜಮಾನ ಮನ್ಮಥಪ್ಪ ತೋಡಿನೊಳಗೆ ಬೆರಳಾಡಿಸಿದ. ಎಲ್ಲೂ ಏರುತಗ್ಗಿರಲಿಲ್ಲ.

“ಮೌನಪ್ಪ, ನಿನ್ನ ಕೈ ಮೊದಲಿಗಿಂತ ಛಲೋ ಆಗ್ಯಾದ.”

“ಕೈ ಹಂಗೇ ನಡುಗ್ತದ್ರೀ, ಸಾವಕಾರ್ರ. ಈ ರಂದಾ ನನ್ನ ಮಗಳು ಮಾಡ್ಯಾಳ.”

ಅಷ್ಟು ಹೇಳಿ ಅವನು ಚಂದ್ರಭಾಗಾಳನ್ನು ಕರೆದ. ಉಳಿದಿದ್ದ ಕೊನೆಯ ಹಲಗೆಯನ್ನು ಎಲ್ಲರೆದುರು ಅವಳ ಕೈಯಿಂದಲೇ ಬಾಗಿಲಿಗೆ ಕೂಡಿಸಿದ.