ಡೈವೋರ್ಸು, ದಿವಾಳಿ ಎರಡೂ ಕೇಳಿದ ಕಕ್ಷಿದಾರ

ಕೊರೋನಾ ಲಾಕ್‌ಡೌನ್‌ಗಳು ಮುಗಿದು ವ್ಯಾಪಾರ ಚೇತರಿಸಿಕೊಳ್ಳುತ್ತಿದ್ದ ವರ್ಷವದು. ಹೈದರಾಬಾದಿನ ಸಿವಿಲ್ ಕೋರ್ಟುಗಳಲ್ಲಿ ವಕೀಲೆಯಾಗಿ ನನಗೆ ಇಪ್ಪತ್ತು ವರ್ಷ ದಾಟಿತ್ತು. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಕನ್ನಡ ಮಾತಾಡುವ ವಕೀಲೆ ಎಂದು ಬೀದರ್, ಕಲಬುರಗಿ ಕಡೆಯವರು ಹುಡುಕಿಕೊಂಡು ಬರುತ್ತಿದ್ದರು.

ಹಾಗೆ ಬಂದವರು ಭಾಲ್ಕಿ ಕಡೆಯ ಶರಣಪ್ಪ. ಹೈದರಾಬಾದಿನಲ್ಲೇ ನೆಲೆಸಿದ್ದರು; ಮದುವೆಗಳಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ಅವರ ಕಸುಬು. ಲಾಕ್‌ಡೌನಿಗೆ ಸ್ವಲ್ಪ ಮೊದಲು ಸಾಲ ಮಾಡಿ ಹೊಸ ಸಾಮಾನು ತುಂಬಿಸಿದ್ದರು. ಮದುವೆಗಳು ನಿಂತವು, ಬಡ್ಡಿ ನಿಲ್ಲಲಿಲ್ಲ.

"ಮೇಡಂ, ಎರಡು ಅರ್ಜಿ ಬರೀರಿ. ಒಂದು ದಿವಾಳಿದ್ದು, ಒಂದು ಡೈವೋರ್ಸಿಂದು" ಎಂದರು.

ಹೆಂಡತಿಯೊಂದಿಗೆ ಜಗಳವೇ ಎಂದು ಕೇಳಿದೆ. ಅವರಿಗೆ ಗಾಬರಿಯಾಯಿತು. "ಛೇ ಛೇ, ಜಗಳ ಎಲ್ಲಿದ್ರಿ! ನಾಗಮ್ಮ ಭಾಳ ಛಲೋ ಹೆಣಮಗಳು. ನನ್ನ ಸಾಲ ಆಕಿ ಕೊರಳಿಗಿ ಬೀಳಬಾರದಂತ ಕಾಗದದ ಮ್ಯಾಗ ಬಿಡತೀನ್ರಿ. ಫ್ಲ್ಯಾಟೂ ಆಕಿ ಹೆಸರಿಗಿ ಮಾಡತೀನಿ."

"ಅವರು ಸಾಲದ ಕಾಗದಕ್ಕ ಎಲ್ಲೆರ ಸಹಿ ಮಾಡ್ಯಾರೇನ್ರಿ?"

"ಇಲ್ರಿ. ಸಾಲದ ಸುದ್ದಿನೇ ಆಕಿಗಿ ಗೊತ್ತಿಲ್ಲ."

ನಾನು ಪೆನ್ನು ಕೆಳಗಿಟ್ಟು ವಿವರಿಸಿದೆ. ಸಾಲಗಾರಳಾಗಿಯೋ ಜಾಮೀನುದಾರಳಾಗಿಯೋ ಸಹಿ ಮಾಡದ ಹೆಂಡತಿ, ಬರೀ ಹೆಂಡತಿ ಎಂಬ ಕಾರಣಕ್ಕೆ ಗಂಡನ ಸಾಲಕ್ಕೆ ಹೊಣೆಯಾಗುವುದಿಲ್ಲ. ದಿವಾಳಿ ಅರ್ಜಿ, ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಮಂಜೂರಾದರೆ ಆಸ್ತಿ ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಅರ್ಜಿಗೆ ಮುಂಚೆ ಆತುರದಲ್ಲಿ ಫ್ಲ್ಯಾಟನ್ನು ಹೆಂಡತಿಯ ಹೆಸರಿಗೆ ಮಾಡಿದರೆ ಕೋರ್ಟು ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಮೋಸಗಾರ ಎಂಬ ಹೆಸರೂ ಬರುತ್ತದೆ.

"ನಾಳೆ ನಾಗಮ್ಮನವರನ್ನೂ ಕರಕೊಂಡು ಬರ್ರಿ. ಅಲ್ಲೀತನ ಒಂದಕ್ಷರ ಬರಿಯಂಗಿಲ್ಲ" ಎಂದೆ.

ಮರುದಿನ ನಾಗಮ್ಮ ಬಂದರು. ಮುಖ ಊದಿತ್ತು, ಗಂಡನಿಂದ ಎರಡು ಕುರ್ಚಿ ಬಿಟ್ಟು ಕೂತರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮೇಡಂ, ಆಕಿ ಯಾರಂತ ಅದೊಂದು ಹೇಳಿಬಿಡ್ರಿ."

"ಯಾರು?"

"ಮೂರು ತಿಂಗಳಾತು, ಫೋನ್ ಬಂದ್ರ ಗ್ಯಾಲರಿಗಿ ಓಡತಾರ. ಊಟ ಸೇರವಲ್ದು. ನಿನ್ನೆ ವಕೀಲರ ಕಡಿ ಹೋಗೋಣ ಅಂದ್ರು. ನನಗ ತಿಳಿಯೂದಿಲ್ಲೇನ್ರಿ?"

ಶರಣಪ್ಪ ತಲೆ ತಗ್ಗಿಸಿ, ತಡವರಿಸುತ್ತ, ಎಲ್ಲವನ್ನೂ ಹೇಳಿದರು. ನಾಗಮ್ಮ ಕಣ್ಣು ಪಿಳುಕಿಸದೆ ಕೇಳಿದರು. ಕೊನೆಗೆ, "ಬರೇ ಸಾಲ ಅಷ್ಟಽ ಏನು? ಬ್ಯಾರೆ ಯಾರೂ ಇಲ್ಲಲಾ?" ಎಂದವರು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಅಳುವಿನ ನಡುವೆಯೇ ನಗುವೂ ಬಂತು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು ಎಂದು ನಾನು ಹೇಳಿದಾಗಲಂತೂ ಆಕೆ ಗಂಡನ ಕಡೆ ತಿರುಗಿ ಗದರಿಸಿದರು. "ವರ್ಷ ಬ್ಯಾರೆ ಇರತೀರಿ? ನಾ ಮೂರು ದಿನ ತವರಿಗಿ ಹೋದ್ರ ಚಾ ಮಾಡ್ಕೊಳ್ಳಾಕ ಬರಂಗಿಲ್ಲ ನಿಮಗ!"

ಆಮೇಲೆ ತೀರ್ಮಾನಗಳೆಲ್ಲ ಬೇಗ ಆದವು. ಫ್ಲ್ಯಾಟ್ ಮಾರೋಣ ಎಂದು ಮೊದಲು ಹೇಳಿದವರು ನಾಗಮ್ಮ. ಅರ್ಜಿ ಹಾಕುವ ಮೊದಲು ಸಾಲ ಕೊಟ್ಟವರೊಂದಿಗೆ ಮಾತಾಡಿ ನೋಡೋಣ ಎಂದು ನಾನು ಸಲಹೆ ಕೊಟ್ಟೆ. ಸಾಮಾನು ಸಾಲ ಕೊಟ್ಟಿದ್ದ ಬೇಗಂ ಬಜಾರಿನ ಪಾತ್ರೆ ವ್ಯಾಪಾರಿಗಳ ಎದುರು ದಂಪತಿ ಜೊತೆಯಾಗಿಯೇ ಕೂತರು. ಅವರಲ್ಲಿ ಹಿರಿಯರು ಒಬ್ಬ ಸೇಠ್; ಶರಣಪ್ಪ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಅವರಿಗೇ. ಅವರು ಹಿಂದಿಯಲ್ಲಿ ಚೆನ್ನಾಗಿ ಬೈದರು. ಸಾಲಕ್ಕಲ್ಲ, ತಮ್ಮ ಫೋನ್ ಎತ್ತದೆ ಇದ್ದುದಕ್ಕೆ. ಬಡ್ಡಿ ಬಿಟ್ಟು, ಅಸಲನ್ನು ಕಂತಿನಲ್ಲಿ ಪಡೆಯಲು ವ್ಯಾಪಾರಿಗಳು ಒಪ್ಪಿದರು. ಒಬ್ಬ ಖಾಸಗಿ ಫೈನಾನ್ಸಿನವನು ಒಪ್ಪದೆ ಕೋರ್ಟಿಗೆ ಹೋದ. ಆ ಕೇಸು ರಾಜಿಯಾಗುವವರೆಗೆ ನಾವು ಬಹಳ ಅಲೆದೆವು. ಪ್ರತಿ ವಾಯಿದೆಗೂ ನಾಗಮ್ಮ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ನನಗೂ ಸೇರಿಸಿ.

ದಿವಾಳಿ ಅರ್ಜಿ ಹಾಕುವ ಪ್ರಸಂಗವೇ ಬರಲಿಲ್ಲ. ಈಗ ಅವರು ಬಾಡಿಗೆ ಮನೆಯಲ್ಲಿದ್ದಾರೆ, ವ್ಯಾಪಾರ ಚಿಕ್ಕದಾಗಿದೆ, ಮದುವೆಗಳು ಮತ್ತೆ ನಡೆಯುತ್ತಿವೆ.

ಎಲ್ಲರಿಗೂ ಹೀಗೆ ಬಗೆಹರಿಯುವುದಿಲ್ಲ. ಕೆಲವರಿಗೆ ದಿವಾಳಿ ಅರ್ಜಿಯೇ ಸರಿಯಾದ ದಾರಿ. ಅಂಥವರಿಗೆ ನಾನೇ ಬರೆದುಕೊಟ್ಟಿದ್ದೇನೆ. ಆದರೆ ಈಗ ಆಸ್ತಿ, ಸಾಲದ ವಿವರ ಕೇಳುವ ಮೊದಲು, "ಮನ್ಯಾಗ ಗೊತ್ತೈತೇನ್ರಿ?" ಎಂದು ಕೇಳುತ್ತೇನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಮೊದಲು ಹೋಗಿ ಹೇಳಿ ಬನ್ನಿ ಎಂದು ಕಳಿಸುತ್ತೇನೆ. ಒಂದು ದಿನ ತಡವಾದರೆ ಅರ್ಜಿಗೇನೂ ಆಗುವುದಿಲ್ಲ.